ಜುದಾಸನಿಗೆ ಚಳಿ

ನಮ್ಮ ದೇಶದಲ್ಲಿ ಮಾತಿಗೆ ನಿರ್ಬಂಧವಿಲ್ಲ. ಹಾಗಂತ ರೇಡಿಯೊದಲ್ಲಿ ದಿನಾ ಬೆಳಿಗ್ಗೆ ಹೇಳುತ್ತಾರೆ. ಅನುಮತಿ ಒಂದು ತಗೊಂಡರೆ ಸಾಕು. ಮಗುವಿನ ಹುಟ್ಟುಹಬ್ಬಕ್ಕೆ ನೆಂಟರನ್ನು ಕರೆಯಬೇಕೇ, ಠಾಣೆಗೆ ಹೋಗಿ ಅನುಮತಿ ಪಡೆಯಬೇಕು. ಹೆಣದ ಮುಂದೆ ಕೂತು ಅಳಬೇಕೇ, ಅದಕ್ಕೂ ಅನುಮತಿ. ಗಿಟಾರು ಹಿಡಿದು ಜಗುಲಿಯಲ್ಲಿ ನಾಲ್ಕು ಜನ ಕೂತರೆ ಐದನೆಯವನು ಚಾಡಿಕೋರ. ನಮ್ಮ ಗ್ವಾರನಿ ಮಾತಿನಲ್ಲಿ ಅಂಥವರಿಗೆ ‘ಅಂಗಾಲಲ್ಲಿ ಕೂದಲಿರುವವರು’ ಎಂದು ಹೆಸರು. ನಡೆದರೆ ಸದ್ದಾಗದ ಜನ. ಪಾಪ, ಅವರಿಗೂ ಹಾಡು ಇಷ್ಟವಿರಬೇಕು.

ನಾನು ಪ್ಲಾಸಿದಾ. ಇತಾಕುವಾ ಊರಿನ ಇಟ್ಟಿಗೆ ಗೂಡಿನಲ್ಲಿ ಹಸಿ ಇಟ್ಟಿಗೆ ಹೊರುವವಳು. ನನ್ನ ಹೆಸರಿಗೆ ಶಾಂತಳು ಎಂದು ಅರ್ಥ ಅಂತ ಪಾದ್ರಿ ಹೇಳಿದ್ದರು. ಹೆಸರಿಡುವಾಗ ಯಾರೂ ನನ್ನನ್ನು ಕೇಳಿರಲಿಲ್ಲ. ನನ್ನ ಬಲಗೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇಲ್ಲ. ಮಣ್ಣು ಕಲಸುವ ಗಾಣದಲ್ಲಿ ಹೋದವು. ಹೊರಗೆ ಕುದುರೆ ಸುತ್ತುತ್ತಿರುತ್ತದೆ, ಒಳಗೆ ಕಬ್ಬಿಣದ ಅಲಗು ತಿರುಗುತ್ತಿರುತ್ತದೆ. ಮಣ್ಣಿನಲ್ಲಿ ಕಲ್ಲು ಸಿಕ್ಕರೆ ಕೈ ಹಾಕಿ ತೆಗೆಯಬೇಕು. ಕುದುರೆ ನಿಲ್ಲಿಸಿಯೂ ತೆಗೆಯಬಹುದು. ಆದರೆ ನಿಂತ ಕುದುರೆ ಮತ್ತೆ ಹೊರಡಲು ಹೊತ್ತು ಹಿಡಿಯುತ್ತದೆ, ಧಣಿಗೆ ನಷ್ಟ. ಹೆಂಗಸರ ಕೈ ಸಣ್ಣದು, ಬೇಗ ಹೋಗಿ ಬೇಗ ಬರುತ್ತದೆ ಎನ್ನುತ್ತಾರೆ. ನನ್ನದು ಪೂರ್ತಿ ಬರಲಿಲ್ಲ, ಅಷ್ಟೇ. ಆ ದಿನದ ಇಟ್ಟಿಗೆಗಳು ಒಂದು ಸರ್ಕಾರಿ ಶಾಲೆಯ ಗೋಡೆಗೆ ಹೋದವು. ಹಾಗಾಗಿ ನಾನೂ ಒಂದಿಷ್ಟು ಶಾಲೆಗೆ ಹೋದವಳೇ.

ಗೂಡಿನ ಧಣಿ ಡೋನ್ ಎವರಿಸ್ತೊ. ಊರಿನಲ್ಲಿ ಪಕ್ಷದ ಅಧ್ಯಕ್ಷನೂ ಅವನೇ. ದೇಶದಲ್ಲಿ ಇರುವುದು ಒಂದೇ ಪಕ್ಷ ಅಂತಲ್ಲ, ಉಳಿದವು ಜೈಲಿನಲ್ಲಿವೆ. ನನ್ನ ಬೆರಳು ಹೋದ ವಾರ ಅವನು ಮನೆಗೇ ಬಂದು, ದೇಶ ಆಳುವ ಜನರಲ್ ಸಾಹೇಬರ ಪಟವನ್ನು ಚೌಕಟ್ಟು ಹಾಕಿಸಿ ಕೊಟ್ಟುಹೋದ. ಗೋಡೆಗೆ ಮೊಳೆ ಹೊಡೆಯಲು ಎರಡು ಕೈ ಬೇಕು ಎಂದು ಅವನಿಗೆ ಹೊಳೆದಿರಲಿಲ್ಲ.

ಈ ಬೆರಳಿನ ಕಥೆಯನ್ನು ಮೊದಲು ಬರೆದವನು ಇಲಾರಿಯೊ. ನಮ್ಮೂರ ಕ್ಷೌರಿಕನ ಮಗ. ರಾಜಧಾನಿಯಲ್ಲಿ ಒಂದು ಪತ್ರಿಕೆಗೆ ಕೆಲಸ ಮಾಡುತ್ತಿದ್ದ. ಭಾನುವಾರ ಬಸ್ಸು ಹತ್ತಿ ಊರಿಗೆ ಬಂದು ನಾಟಕ ಆಡಿಸುವುದು ಅವನ ಚಟ. ನನ್ನ ಬೆರಳಿನ ವಿಷಯ ಪತ್ರಿಕೆಯಲ್ಲಿ ಹಾಕಿದ. ಅದು ಸಾಲದೆ ನಾಟಕವನ್ನೂ ಬರೆದ. ಅದರಲ್ಲಿ ಗಾಣದ ಕುದುರೆ ಗ್ವಾರನಿ ಮಾತಾಡುತ್ತದೆ. ಕುದುರೆ ನಾನೇ. ನನಗೆ ಓದಲು ಬರುವುದಿಲ್ಲ, ಅವನು ಹೇಳಿಕೊಟ್ಟದ್ದನ್ನು ಕಿವಿಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ನೊಣ ಕೂತಾಗ ಕುದುರೆ ಬಾಲ ಎತ್ತದೆ ಬರೀ ಭುಜದ ಚರ್ಮ ಅದುರಿಸುತ್ತದಲ್ಲ, ಅದನ್ನು ಕಲಿಯಲಿಕ್ಕೇ ನನ್ನ ಬೆನ್ನು ಬಿದ್ದುಹೋಯಿತು.

“ಇಡೀ ಮೈ ಕುಣಿಸ್ಬೇಡ ಪ್ಲಾಸಿದಕ್ಕ,” ಅನ್ನುತ್ತಿದ್ದ. “ಭುಜ ಮಾತ್ರ. ನೋಡೋರಿಗೆ ತಮ್ ಮೈಮೇಲೇ ನೊಣ ಕೂತಂಗಾಗ್ಬೇಕು.”

ಚೆಂಡಾಟದ ಬಯಲಿನಲ್ಲಿ ಒಂದು ಮಧ್ಯಾಹ್ನ ಆಡಿದೆವು. ಕುದುರೆ ಹೇಳುತ್ತದೆ: “ಭಾನುವಾರ ನಂಗೆ ರಜಾ. ಕಾಲು ಕುಂಟಾದ್ರೆ ವೈದ್ಯ ಬರ್ತಾನೆ. ಹಸ್ಕೊಂಡ್ರೆ ಧಣಿ ನಿದ್ದೆ ಮಾಡಲ್ಲ. ದೇವ್ರೇ, ತಪ್ಪಿಯೂ ನನ್ನ ಮನುಷ್ಯನ್ನ ಮಾಡ್ಬೇಡಪ್ಪ.” ಜನ ಬಿದ್ದು ಬಿದ್ದು ನಕ್ಕರು. ಕಾವಲಿಗೆ ನಿಂತಿದ್ದ ಒಬ್ಬ ಪೊಲೀಸನೂ ನಕ್ಕ. ಅವನನ್ನು ಮಾರನೆಯ ದಿನವೇ ನೀರಿಲ್ಲದ ಗಡಿಗೆ ವರ್ಗ ಮಾಡಿದರು.

ನಾಟಕ ಅಲ್ಲಿಗೆ ನಿಂತಿತು. ಪತ್ರಿಕೆಯನ್ನು ಮಾತ್ರ ಯಾರೂ ಮುಚ್ಚಿಸಲಿಲ್ಲ. ಅಚ್ಚುಮನೆಯ ಕರೆಂಟು ಹೋಯಿತು, ಮತ್ತೆ ಬರಲಿಲ್ಲ. ಇಲಾರಿಯೊನನ್ನು ರಾಜಧಾನಿಯ ಒಂದು ಕಟ್ಟಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ಸ್ನಾನ ಮಾಡಿಸುತ್ತಾರೆ. ತೊಟ್ಟಿಯ ನೀರಿನೊಳಗೆ ತಲೆ ಅದುಮಿ ಹಿಡಿದು, ಉಸಿರು ನಿಲ್ಲುವ ಹೊತ್ತಿಗೆ ಎತ್ತಿ, ಮತ್ತೆ ಅದುಮುವ ಸ್ನಾನ. ಬೇಸಗೆ ಪೂರ್ತಿ ಅವನಿಗೆ ಸ್ನಾನವಾಯಿತು. ಊರಿಗೆ ವಾಪಸು ಬಂದಾಗ ಅವನು ಬೋಗುಣಿಗೆ ಬಗ್ಗಿ ಮುಖ ತೊಳೆಯುತ್ತಿರಲಿಲ್ಲ. ಅವನ ತಾಯಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಹಸುಗೂಸಿಗೆ ಒರೆಸಿದ ಹಾಗೆ.

ಬಿಟ್ಟದ್ದು ಒಂದು ಷರತ್ತಿನ ಮೇಲೆ. ಜೂನ್ ತಿಂಗಳಲ್ಲಿ ಸಂತ ಹುವಾನನ ಹೆಸರಿನಲ್ಲಿ ನಡೆಯುವ ಸಾನ್ ಹುವಾನ್ ಹಬ್ಬದಲ್ಲಿ, ಊರ ಜನರೆಲ್ಲರ ಮುಂದೆ, ಅವನು ಕ್ಷಮಾಪಣೆ ಓದಬೇಕು. ಓದಿದರೆ ಮನೆ. ಓದದಿದ್ದರೆ ಮತ್ತೆ ಸ್ನಾನ.

ಹಬ್ಬದ ಹಿಂದಿನ ವಾರ ನನಗೆ ಠಾಣೆಯಿಂದ ಕರೆ ಬಂತು. ಸಾನ್ ಹುವಾನ್ ಹಬ್ಬದಲ್ಲಿ ಸುಡುವ ಜುದಾಸನ ಬೊಂಬೆಯನ್ನು ಪ್ರತಿ ವರ್ಷ ಮಾಡುವವಳು ನಾನು. ಏಸುಸ್ವಾಮಿಯನ್ನು ಹಿಡಿದುಕೊಟ್ಟ ಜುದಾಸ. ಒಣಹುಲ್ಲು, ತೆಂಗಿನ ಗರಿ, ಹೊಟ್ಟೆಯೊಳಗೆ ಪಟಾಕಿ. ಠಾಣೆಯ ಸಾಹೇಬ ಒವೆಲಾರ್ ಮೇಜಿನ ಹಿಂದೆ ಕೂತು ಕೊಂಬಿನ ಲೋಟದಲ್ಲಿ ನಮ್ಮ ಕಡೆಯ ಕಹಿ ಸೊಪ್ಪಿನ ಕಷಾಯ ಹೀರುತ್ತಿದ್ದ. ಪಕ್ಕದಲ್ಲಿ ಡೋನ್ ಎವರಿಸ್ತೊ. ನನಗೆ ಕೂರಲು ಹೇಳಲಿಲ್ಲ. ಹೊತ್ತ ಮಣ್ಣು ಇನ್ನೂ ಬೆನ್ನ ಮೇಲೆ ಒಣಗಿರಲಿಲ್ಲ.

“ಹೋದ್ ವರ್ಷ ನಿನ್ ಜುದಾಸನಿಗೆ ಮೀಸೆ ಇತ್ತು,” ಅಂದ ಒವೆಲಾರ್. ಜನರಲ್ ಸಾಹೇಬರಿಗೂ ಮೀಸೆ ಇದೆ. ಅದನ್ನು ಅವನು ಹೇಳಲಿಲ್ಲ, ಅವನ ತಲೆಯ ಮೇಲಿದ್ದ ಪಟ ಹೇಳಿತು.

“ಲಾಟೀನಿನ ಮಸಿ ತಾಗಿತ್ತು ಸಾಹೇಬ್ರೆ.”

“ಅದರ ಹಿಂದಿನ ವರ್ಷ ಡೊಳ್ಳುಹೊಟ್ಟೆ.”

“ಹುಲ್ಲು ಜಾಸ್ತಿ ಆಗಿತ್ತು.”

ಡೋನ್ ಎವರಿಸ್ತೊ ತನ್ನ ಹೊಟ್ಟೆಯ ಮೇಲಿಟ್ಟುಕೊಂಡಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

“ಈ ಸಲ ನಿಂಗೆ ಆ ತೊಂದ್ರೆನೇ ಬೇಡ. ಜುದಾಸ ಯಾರು ಅಂತ ನಾವೇ ಹೇಳ್ತೀವಿ,” ಎಂದು ಒವೆಲಾರ್ ಮೇಜಿನ ಮೇಲೆ ಒಂದು ಅಂಗಿ, ಒಂದು ಕನ್ನಡಕ ಇಟ್ಟ. ಅಂಗಿಯ ಕಾಲರು ಹರಿದಿತ್ತು. ಇಲಾರಿಯೊನದು. ಆ ಕಟ್ಟಡಕ್ಕೆ ಹೋಗುವಾಗ ಹಾಕಿಕೊಂಡಿದ್ದದ್ದು.

ನಮ್ಮೂರಲ್ಲಿ ಜುದಾಸನಿಗೆ ಸತ್ತವರ ಬಟ್ಟೆಯನ್ನೇ ಹಾಕುವುದು. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಅವರು ಒಂದು ಅಂಗಿ, ಒಂದು ಷರಾಯಿ ಕೊಡುತ್ತಾರೆ. ಬದುಕಿರುವವರ ಬಟ್ಟೆ ಹಾಕಿ ಸುಟ್ಟರೆ ಅವರು ಆ ವರ್ಷ ದಾಟುವುದಿಲ್ಲ ಎಂದು ನಂಬಿಕೆ.

“ಬದುಕಿರೋರ ಅಂಗಿ ಹಾಕಲ್ಲ ಸಾಹೇಬ್ರೆ,” ಅಂದೆ.

“ಮೂಢನಂಬಿಕೆ,” ಅಂದ ಒವೆಲಾರ್. ಅವನು ಹೊರಗಿನವನು, ಓದಿದವನು. ಕತ್ತಿನಲ್ಲಿ ಮಾತೆ ಮರಿಯಳ ಪದಕ ಇತ್ತು, ಗುಂಡು ತಾಗದಿರಲಿ ಅಂತ. ಡೋನ್ ಎವರಿಸ್ತೊ ಇದೇ ಊರಿನವನು. ಅವನು ಕಿಟಕಿಯ ಆಚೆ ಏನನ್ನೋ ನೋಡುತ್ತ ಕೂತ.

“ಹಚ್ಚೋದ್ಯಾರು?” ಅಂದೆ.

“ನೀನೇ,” ಅಂದ ಒವೆಲಾರ್. “ಅವನ ಕುದುರೆ ಅಲ್ವಾ ನೀನು. ಎಲ್ಲಿ, ಒಂದ್ಸಲ ಕೆನೆದು ತೋರ್ಸು.”

ನಾನು ಮೇಜಿನ ಮೇಲಿದ್ದ ಅಂಗಿಯನ್ನು ಮಡಚತೊಡಗಿದೆ. “ಕೆನಿ” ಎಂದ ಮತ್ತೊಮ್ಮೆ. ಬಾಗಿಲಲ್ಲಿ ನಿಂತಿದ್ದ ಪೊಲೀಸ್ ಹುಡುಗರು ನೆಲ ನೋಡಿದರು. ನಾನು ಕೆನೆದೆ. ಡೋನ್ ಎವರಿಸ್ತೊ ನಕ್ಕ. ನಾಟಕದಲ್ಲಿ ಕೆನೆದಾಗ ಅವನು ನಕ್ಕಿರಲಿಲ್ಲ. ದಾರಿಯುದ್ದಕ್ಕೂ ಆ ಅಂಗಿಯನ್ನು ಕಂಕುಳಲ್ಲಿ ಒತ್ತಿಕೊಂಡು ಬಂದೆ.

ಇಲಾರಿಯೊ ಅಂಗಳದಲ್ಲಿ ಕೂತು, ಕನ್ನಡಕವಿಲ್ಲದೆ ಕಾಗದವನ್ನು ಮುಖದ ಹತ್ತಿರ ಹಿಡಿದು, ಠಾಣೆಯಿಂದ ಕಳಿಸಿದ್ದ ಕ್ಷಮಾಪಣೆಯನ್ನು ಓದುತ್ತಿದ್ದ.

“ಬರ್ದೋನಿಗೆ ನಾಟ್ಕ ಗೊತ್ತಿಲ್ಲ ಪ್ಲಾಸಿದಕ್ಕ. ಮೊದಲ್ನೇ ಸಾಲಲ್ಲೇ ತಪ್ಪಾಯ್ತು ಅಂದ್ಬಿಟ್ಟಿದಾನೆ. ಇನ್ನು ಜನ ಯಾಕೆ ಕೂತಿರ್ತಾರೆ?”

“ತಮಾಷೆ ಸಾಕು,” ಎಂದಳು ಅವನ ತಾಯಿ. “ಓದ್ಬಿಟ್ಟು ಮನೆಗ್ ಬಾ ಮಗ.”

“ಓದ್ತೀನಮ್ಮ.”

“ನಿನ್ ಅಂಗಿ ಸುಡು ಅಂದಿದಾರೆ ನಂಗೆ,” ಅಂದೆ.

“ಅಂಗಿ ತಾನೆ.”

ಹಾಗೆಂದು ಮತ್ತೆ ಕಾಗದಕ್ಕೆ ಬಗ್ಗಿದ. ನನಗೆ ಅವನ ಮೇಲೆ ಸಿಟ್ಟು ಬಂತು. ಬೆರಳು ನನ್ನದು, ಬರೆದವನು ಇವನು, ಈಗ ಇಲ್ಲ ಅನ್ನುವವನೂ ಇವನೇ. ಆಮೇಲೆ ಅವನ ತಾಯಿಯ ಕೈಯಲ್ಲಿದ್ದ ಒದ್ದೆ ಬಟ್ಟೆ ಕಂಡಿತು. ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ನನ್ನೊಳಗೇ ಉಳಿಯಿತು.

ಹಬ್ಬದ ಸಂಜೆ ದಕ್ಷಿಣದ ಗಾಳಿ ಬೀಸುತ್ತಿತ್ತು. ನಮ್ಮಲ್ಲಿ ಜೂನ್ ಅಂದರೆ ಹಲ್ಲು ಕಟಕಟಿಸುವ ಚಳಿ. ಚರ್ಚಿನ ಮುಂದಿನ ಬಯಲಿನಲ್ಲಿ ಎಲ್ಲ ಎಂದಿನಂತೆಯೇ ನಡೆಯಿತು. ಒಬ್ಬ ಮನುಷ್ಯ ಒಳಹೊಕ್ಕ, ಕೊಂಬಿಗೆ ಬೆಂಕಿ ಕಟ್ಟಿದ ತೊಗಲಿನ ಗೂಳಿ ಜನರನ್ನು ಅಟ್ಟಾಡಿಸಿತು. ಹರಕೆ ಹೊತ್ತವರು ಕೆಂಡದ ಮೇಲೆ ಬರಿಗಾಲಲ್ಲಿ ನಡೆದರು. ಹೆಂಗಸರು ಮರಗೆಣಸಿನ ರೊಟ್ಟಿ ಮಾರಿದರು. ನಡುವೆ ಒಂದು ಕಂಬ, ಕಂಬಕ್ಕೆ ಕಟ್ಟಿದ ಜುದಾಸ. ಇಲಾರಿಯೊನ ಅಂಗಿ, ಇಲಾರಿಯೊನ ಕನ್ನಡಕ. ಯಾರೂ ಅತ್ತ ನೋಡುತ್ತಿರಲಿಲ್ಲ. ಬೇರೆ ವರ್ಷಗಳಲ್ಲಿ ಅವನಿಗೆ ಬೈಯಲು ಸಾಲು ನಿಲ್ಲುತ್ತಿದ್ದರು.

ಒವೆಲಾರ್ ವೇದಿಕೆ ಹತ್ತಿ ಕೂತ. ಉಣ್ಣೆಯ ನಿಲುವಂಗಿ, ಚರ್ಮದ ಕೈಗವಸು. ಪಕ್ಕದಲ್ಲಿ ಡೋನ್ ಎವರಿಸ್ತೊ, ಕತ್ತಿನಲ್ಲಿ ಪಕ್ಷದ ಕೆಂಪು ವಸ್ತ್ರ. ಇಲಾರಿಯೊನನ್ನು ಕಂಬದ ಪಕ್ಕ ನಿಲ್ಲಿಸಿದರು. ನನ್ನ ಕೈಗೆ ಪಂಜು ಕೊಟ್ಟರು. ಬಲಗೈಗೇ ಕೊಟ್ಟರು.

ಇಲಾರಿಯೊ ಓದತೊಡಗಿದ. ತಾನು ಸುಳ್ಳುಗಾರ ಎಂದು ಓದಿದ. ಪರದೇಶದ ದುಡ್ಡು ತಿಂದೆ ಎಂದು ಓದಿದ. ಶಾಂತಿ ಮತ್ತು ಪ್ರಗತಿ ಕೊಟ್ಟ ಜನರಲ್ ಸಾಹೇಬರ ಪಾದಕ್ಕೆ ಎರಗುತ್ತೇನೆ ಎಂದು ಓದಿದ. ದನಿ ಸಪಾಟಾಗಿತ್ತು. ಅವನ ತಾಯಿ ಪ್ರತಿ ಸಾಲಿಗೂ ತಲೆ ಆಡಿಸುತ್ತಿದ್ದಳು, ಇನ್ನೊಂದು, ಇನ್ನೊಂದು, ಎಂಬಂತೆ.

“ಇತಾಕುವಾದ ಇಟ್ಟಿಗೆ ಗೂಡಿನಲ್ಲಿ ಯಾವತ್ತೂ ಯಾರ ಬೆರಳೂ,” ಎಂದು ಓದಿ ನಿಂತ.

ಪಂಜಿನ ಬೆಳಕು ನನ್ನ ಕೈ ಮೇಲೆಯೇ ಬಿದ್ದಿತ್ತು. ಮೂರು ಬೆರಳಲ್ಲಿ ಹಿಡಿದದ್ದು ಊರಿಗೆಲ್ಲ ಕಾಣುತ್ತಿತ್ತು. ಇಲಾರಿಯೊ ಅದನ್ನು ನೋಡಿದ. ಕಾಗದ ನೋಡಿದ. ಮತ್ತೆ ನೋಡಿದ.

“ಓದು,” ಅಂದ ಒವೆಲಾರ್.

“ಈ ಸಾಲು ನಿಲ್ಲಲ್ಲ ಸಾಹೇಬ್ರೆ.”

“ಏನಂದೆ?”

“ನಾಟಕ ಬರಿಯೋನಾಗಿ ಹೇಳ್ತಿದೀನಿ. ನಾನು ಬೆರಳು ಹೋಗಿಲ್ಲ ಅಂತೀನಿ, ನೀವು ಅವಳ ಕೈಗೇ ದೀಪ ಕೊಟ್ಟು ಪಕ್ಕದಲ್ಲಿ ನಿಲ್ಸಿದೀರಿ. ಜನ ಯಾರನ್ನ ನಂಬ್ತಾರೆ? ಒಂದೋ ಅವಳನ್ನ ಕಳಿಸ್ಬೇಕಿತ್ತು, ಇಲ್ಲಾಂದ್ರೆ ಸಾಲು ತೆಗೀಬೇಕಿತ್ತು.” ಅವನು ಕಾಗದವನ್ನು ಮಡಚಿ ಜೇಬಿಗಿಟ್ಟ. “ಇದನ್ನ ನಾನು ಓದಲ್ಲ.”

ಅವನ ತಾಯಿ ಕೂತಲ್ಲೇ ಮುಖ ಮುಚ್ಚಿಕೊಂಡಳು. ಯಾರೋ ಒಬ್ಬರು ನಕ್ಕರು, ತಕ್ಷಣ ಕೆಮ್ಮಿದರು. ಒವೆಲಾರ್ ಎದ್ದು ನಿಂತ.

“ಹಚ್ಚೇ ಕುದುರೆ,” ಎಂದ ನನಗೆ.

ನಾನು ಬೊಂಬೆಯ ಹತ್ತಿರ ಹೋದೆ. ಅದರ ಹೊಟ್ಟೆಯೊಳಗಿನ ಪಟಾಕಿಯನ್ನು ನನ್ನ ಕೈಯಾರೆ ತುಂಬಿದ್ದೆ. ಹರಿದ ಕಾಲರು ಗಾಳಿಗೆ ಪಟಪಟ ಅನ್ನುತ್ತಿತ್ತು. ಎಂದೂ ಇಲ್ಲದ ಸಿಟ್ಟು ಬಂತು. ಬೆರಳು ಹೋದಾಗಲೂ ಬಂದಿರಲಿಲ್ಲ, ಕೆನೆದಾಗಲೂ ಬಂದಿರಲಿಲ್ಲ. ಗೂಳಿಯ ಕೊಂಬು ಆರಿಸಲು ಇಟ್ಟಿದ್ದ ನೀರಿನ ಬಕೆಟ್ಟಿಗೆ ಪಂಜನ್ನು ಅದ್ದಿದೆ. ಚುಂಯ್ ಎಂದಿತು, ಕಂಬದ ಸುತ್ತ ಅರೆಗತ್ತಲಾಯಿತು.

“ಇವನಿಗೆ ಚಳಿ ಆಗ್ತಿದೆ ಸಾಹೇಬ್ರೆ,” ಅಂದೆ. ನನ್ನ ಹೊದಿಕೆ ತೆಗೆದು ಜುದಾಸನಿಗೆ ಹೊದಿಸಿದೆ.

ಆಗ ನಾನು ಏನನ್ನೂ ಯೋಚಿಸಿರಲಿಲ್ಲ, ಬಂದವರೂ ಯೋಚಿಸಿರಲಾರರು. ರೊಟ್ಟಿ ಮಾರುವವಳು ಎದ್ದು ಬಂದು ತನ್ನ ಶಾಲನ್ನು ಹಾಕಿದಳು. ಗೂಳಿಯ ತೊಗಲಿನೊಳಗಿದ್ದವನು ಹೊರಗೆ ಬಂದು ಕೋಟು ಬಿಚ್ಚಿದ. ಇಲಾರಿಯೊನ ತಾಯಿ ಎದ್ದು ತನ್ನ ತಲೆವಸ್ತ್ರ ಬಿಚ್ಚಿ ಬೊಂಬೆಗೆ ಕಟ್ಟಿದಳು. ಒಬ್ಬರ ಹಿಂದೆ ಒಬ್ಬರು, ಮಾತಿಲ್ಲ. ಬದುಕಿರುವವರ ಬಟ್ಟೆ. ಜುದಾಸ ಊದಿಕೊಂಡ, ಕೈಕಾಲು ಕಾಣದಷ್ಟು ದಪ್ಪಗಾದ. ಡೊಳ್ಳುಹೊಟ್ಟೆ ಮತ್ತೆ ಬಂತು.

ಕೊನೆಗೆ ಬಂದವನು ತ್ರಾಂಕಿಲಿನೊ ತಾತ. ಅಂತರ್ಯುದ್ಧದಲ್ಲಿ ಪಕ್ಷಕ್ಕಾಗಿ ಬರಿಗಾಲಲ್ಲಿ ಕಾದಾಡಿದವನು. ಪಕ್ಷ ಗೆದ್ದು ದೇಶ ಆಳಿತು, ಅವನ ಕಾಲು ಬರಿಗಾಲಾಗಿಯೇ ಉಳಿಯಿತು. ತನ್ನ ಕಂಬಳಿ ಹೊದಿಸಿದ. ಆಮೇಲೆ ಕತ್ತಿನ ಕೆಂಪು ವಸ್ತ್ರ ಬಿಚ್ಚಿ, ಮುತ್ತಿಟ್ಟು, ಜುದಾಸನ ಕತ್ತಿಗೆ ಗಂಟು ಹಾಕಿದ.

“ಈಗ ಹಚ್ಚಿ ಸ್ವಾಮಿ,” ಅಂದ. “ಪಕ್ಷದ ಬಣ್ಣಾನೂ ಸುಟ್ಟು ನೋಡ್ಬಿಡೋಣ.”

ಒವೆಲಾರ್ ಒಬ್ಬ ಪೊಲೀಸ್ ಹುಡುಗನಿಗೆ ಬೆಂಕಿಪೊಟ್ಟಣ ಎಸೆದ. ಆ ಹುಡುಗ ಬೊಂಬೆಯ ತನಕ ಹೋಗಿ ನಿಂತ. ರೊಟ್ಟಿ ಮಾರುವವಳು ಅವನ ತಾಯಿ. “ನಮ್ಮವ್ವನ ಶಾಲು ಇದೆ ಸಾಹೇಬ್ರೆ,” ಎಂದು ಪೊಟ್ಟಣವನ್ನು ಹಿಂದಕ್ಕೆ ತಂದುಕೊಟ್ಟ. ಮೂಢನಂಬಿಕೆ ಇಲ್ಲದ ಒವೆಲಾರ್ ತಾನೇ ಕಡ್ಡಿ ಗೀರಿದ. ಆಗ ಡೋನ್ ಎವರಿಸ್ತೊ ಅವನ ತೋಳು ಹಿಡಿದುಕೊಂಡ. ಪಕ್ಷದ ವಸ್ತ್ರ ಸುಟ್ಟ ಠಾಣಾಧಿಕಾರಿ ಎಂಬ ಸುದ್ದಿ ರಾಜಧಾನಿಗೆ ಮುಟ್ಟಿದರೆ ಸ್ನಾನ ಯಾರಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ಅಂಗಾಲಲ್ಲಿ ಕೂದಲಿರುವವರು ಒವೆಲಾರನ ಸುತ್ತಲೂ ಇದ್ದರು. ಕಡ್ಡಿ ಅವನ ಬೆರಳಲ್ಲೇ ಉರಿದು ಕೈಗವಸಿಗೆ ತೂತು ಬಿತ್ತು.

ಕೊನೆಗೆ ಅವನು ಜುದಾಸನನ್ನು ದಸ್ತಗಿರಿ ಮಾಡಿದ. ನಗಬೇಡಿ. ನಾಲ್ಕು ಜನ ಹೊತ್ತುಕೊಂಡು ಹೋದರು, ನಮ್ಮ ಸಂತನ ಮೆರವಣಿಗೆಯೂ ಅಷ್ಟು ಭಯಭಕ್ತಿಯಿಂದ ಹೋಗುವುದಿಲ್ಲ. ಹಿಂದೆ ಇಲಾರಿಯೊ, ಅವನ ಹಿಂದೆ ನಾನು. ಠಾಣೆಯಲ್ಲಿ ನನ್ನ ಬೆನ್ನಿಗೆ ಲಾಠಿ ಮುರಿಯುವ ತನಕ ಹೊಡೆದರು. ಯಾರ ಯಾರ ಬಟ್ಟೆ ಹೇಳು ಎಂದರು. ಕತ್ತಲಿತ್ತು, ಕಾಣಲಿಲ್ಲ ಎಂದೆ. ಇಲಾರಿಯೊನ ಕೋಣೆಯಿಂದ ನೀರಿನ ಸದ್ದು ಬಂದರೆ ಏನು ಮಾಡಲಿ ಎಂದು ಕಿವಿಗೊಟ್ಟು ಬಿದ್ದುಕೊಂಡಿದ್ದೆ. ಬರಲಿಲ್ಲ. ನಮ್ಮೂರ ಠಾಣೆಯಲ್ಲಿ ನಲ್ಲಿ ಕೆಟ್ಟಿತ್ತು. ಸರ್ಕಾರದ ಅಸಡ್ಡೆಗೆ ಮೊದಲ ಸಲ ಕೈಮುಗಿದೆ.

ಬೆಳಗಾಗುವ ಹೊತ್ತಿಗೆ ಒವೆಲಾರನಿಗೆ ಬುದ್ಧಿ ಹೊಳೆಯಿತು. ಬಟ್ಟೆ ಕೊಟ್ಟವರ ಮೈಮೇಲೆ ಈಗ ಬಟ್ಟೆ ಇರುವುದಿಲ್ಲ. “ಊರಲ್ಲಿ ಯಾರು ಚಳಿಗೆ ನಡುಗ್ತಿದಾರೋ ಅವರನ್ನೆಲ್ಲ ಹಿಡ್ಕೊಂಡು ಬನ್ನಿ,” ಎಂದು ಹುಡುಗರನ್ನು ಅಟ್ಟಿದ.

ಹುಡುಗರು ಆಜ್ಞೆ ಪಾಲಿಸಿದರು. ಮೊದಲು ಇಟ್ಟಿಗೆ ಗೂಡಿನವರು ಬಂದರು, ಮೈಗೆ ಮೆತ್ತಿದ ಒದ್ದೆ ಮಣ್ಣಿನ ಸಮೇತ ನಡುಗುತ್ತ. ಹೊಳೆಯಲ್ಲಿ ಬಟ್ಟೆ ಒಗೆಯುವವರು ಬಂದರು. ಸೌದೆ ಹೊರುವವರು, ಹಾಲು ಮಾರುವವರು. ಹಬ್ಬಕ್ಕೇ ಬಾರದೆ ಜ್ವರ ಬಂದು ಮಲಗಿದ್ದವರು. ಠಾಣೆಯ ಅಂಗಳ ತುಂಬಿತು, ಬೀದಿ ತುಂಬಿತು. ಎಲ್ಲರೂ ನಡುಗುತ್ತಿದ್ದರು. ಬಟ್ಟೆ ಕೊಟ್ಟವರು ಯಾರು, ಬಟ್ಟೆಯೇ ಇಲ್ಲದವರು ಯಾರು, ಆ ಸಂತ ಹುವಾನನೇ ಇಳಿದು ಬಂದರೂ ಹೇಳುವಂತಿರಲಿಲ್ಲ.

ಆಗ ಡೋನ್ ಎವರಿಸ್ತೊ ಓಡಿ ಬಂದ. ಗೂಡಿಗೆ ಬೆಂಕಿ ಹಾಕುವವರಿಲ್ಲ, ಒಳಗಿನ ಇಟ್ಟಿಗೆಯೆಲ್ಲ ಅರೆಬೆಂದು ಹಾಳು.

“ನನ್ ಆಳುಗಳನ್ನ ಯಾಕ್ರೀ ತಂದ್ ಕೂಡಿಹಾಕಿದೀರಿ?”

“ಕೋಟು ಇಲ್ಲ, ಕಂಬಳಿ ಇಲ್ಲ, ನಡುಗ್ತಿದಾರೆ. ಇವರೇ ಕೊಟ್ಟಿರೋದು.”

“ಅಯ್ಯೋ, ಇವರ ಹತ್ರ ಕೋಟು ಯಾವತ್ತಿತ್ತು?” ಡೋನ್ ಎವರಿಸ್ತೊ ಕೂಗಿದ. “ಇವ್ರು ಯಾವಾಗ್ಲೂ ನಡುಗೋರೇ. ನಾನ್ ಕೊಡೋ ಕೂಲಿಲಿ ಕಂಬಳಿ ತಗೊಳ್ಳಕ್ಕಾಗುತ್ತಾ? ನಂಗೊತ್ತಿಲ್ವಾ?”

ಅವನಿಗೆ ತಾನು ಹೇಳಿದ್ದು ತನ್ನ ಕಿವಿಗೇ ಕೇಳಿಸಿರಬೇಕು. ಕಂಬಿಯ ಹಿಂದಿನಿಂದ ಇಲಾರಿಯೊನ ದನಿ ಬಂತು.

“ನಾನು ಪತ್ರಿಕೇಲಿ ಬರ್ದಿದ್ದೂ ಇದೇ ಡೋನ್ ಎವರಿಸ್ತೊ. ನಿಮ್ಮಷ್ಟು ಚೆನ್ನಾಗಿ ಬರೀಲಿಲ್ಲ.”

ಎಲ್ಲರನ್ನೂ ಬಿಟ್ಟರು, ನನ್ನನ್ನೂ ಬಿಟ್ಟರು. ಗೂಡು ಮುಖ್ಯ ತಾನೆ. ಇಲಾರಿಯೊನನ್ನು ಮಾತ್ರ ಹೊಳೆಗೆ ಕರೆದೊಯ್ದು, ಆಚೆ ದಡಕ್ಕೆ, ಬೇರೆ ದೇಶಕ್ಕೆ, ದೋಣಿ ಹತ್ತಿಸಿದರು. ತಿರುಗಿ ಬಂದರೆ ಗುಂಡು ಎಂದರು. ಆ ದಡದಲ್ಲಿ ಅವನೀಗ ರೇಡಿಯೊದಲ್ಲಿ ಓದುತ್ತಾನಂತೆ. ಗಾಳಿ ಇತ್ತ ಬೀಸಿದ ದಿನ ನಮಗೂ ಕೇಳುತ್ತದೆ. ಗಾಳಿಗೆ ಇನ್ನೂ ಅನುಮತಿ ಕಡ್ಡಾಯ ಮಾಡಿಲ್ಲ.

ಜುದಾಸ ಇನ್ನೂ ಠಾಣೆಯಲ್ಲಿದ್ದಾನೆ, ಸಾಕ್ಷ್ಯ. ಅವನ ಮೈಮೇಲೆ ಊರಿನ ಬಟ್ಟೆಯೆಲ್ಲ ಇದೆ. ಆ ಚಳಿಗಾಲ ಅವನು ಬೆಚ್ಚಗಿದ್ದ. ತ್ರಾಂಕಿಲಿನೊ ತಾತನಿಗೆ ಕೆಮ್ಮು ಹತ್ತಿತು, ಎದೆಗೆ ಇಳಿಯಿತು, ಆಗಸ್ಟಿನಲ್ಲಿ ಸತ್ತ. ಪಕ್ಷದವರು ಹೂವಿನ ಚಕ್ರ ತಂದರು. ಡೋನ್ ಎವರಿಸ್ತೊ ಭಾಷಣ ಮಾಡಿ, ಕಣ್ಣೊರೆಸಿಕೊಂಡ. ತಾತನ ಕಂಬಳಿ ಕೊಡಿ, ಹೊದಿಸಿ ಹೂಳುತ್ತೇವೆ ಎಂದು ಕೇಳಲು ನಾನೇ ಠಾಣೆಗೆ ಹೋದೆ. ಕೊಡಲಿಲ್ಲ. ಬರೀ ಮೈಯಲ್ಲಿ ಅವನನ್ನು ಮಣ್ಣಿಗಿಳಿಸಿದೆವು. ಅದನ್ನು ಮಾತ್ರ ನಗುತ್ತ ಹೇಳಲು ನನಗೆ ಬರುವುದಿಲ್ಲ.

ನವೆಂಬರಿನಲ್ಲಿ ಜನರಲ್ ಸಾಹೇಬರ ಹುಟ್ಟುಹಬ್ಬ. ಅದಕ್ಕೆ ಅನುಮತಿ ಬೇಡ, ಬರದಿದ್ದರೆ ಮಾತ್ರ ದಂಡ. ಕಾದ ಹೆಂಚಿನಂಥ ಬಿಸಿಲು. ಬಯಲಿನಲ್ಲಿ ಊರನ್ನೆಲ್ಲ ನಿಲ್ಲಿಸಿದ್ದರು. ಒವೆಲಾರ್ ಧ್ವನಿವರ್ಧಕ ಹಿಡಿದು, ಬೆವರು ಒರೆಸಿಕೊಳ್ಳುತ್ತ, “ನಮ್ಮ ಜನರಲ್ ಸಾಹೇಬರ ನೆರಳಿನಲ್ಲಿ ಈ ದೇಶದ ಪ್ರತಿ ಬಡವನೂ ಬೆಚ್ಚಗಿದ್ದಾನೆ,” ಎಂದ.

ಬೆಚ್ಚಗೆ ಎಂದದ್ದೇ ನನಗೆ ತಾತನ ಕಂಬಳಿ ನೆನಪಾಯಿತು. ನನ್ನ ಭುಜ ಅದುರಿತು. ಭುಜ ಮಾತ್ರ, ಇಲಾರಿಯೊ ಹೇಳಿಕೊಟ್ಟ ಹಾಗೆ. ಪಕ್ಕದಲ್ಲಿದ್ದ ರೊಟ್ಟಿ ಮಾರುವವಳು ನೋಡಿದಳು. ಅವಳ ಭುಜವೂ ಅದುರಿತು. ಅವಳ ಪಕ್ಕದವನ ಹಲ್ಲು ಕಟಕಟ ಎಂದಿತು. ಸಾಲಿನಿಂದ ಸಾಲಿಗೆ ಹೋಯಿತು. ಬೆವರು ಕಣ್ಣಿಗಿಳಿಯುವ ಬಿಸಿಲಿನಲ್ಲಿ ಊರಿಗೆ ಊರೇ ತೋಳು ಕಟ್ಟಿಕೊಂಡು ಗದಗದ ನಡುಗಿತು. ಯಾರೂ ಒಂದು ಮಾತು ಆಡಲಿಲ್ಲ. ಒವೆಲಾರ್ ಧ್ವನಿವರ್ಧಕ ಹಿಡಿದುಕೊಂಡೇ ನಿಂತಿದ್ದ. ಅದರಲ್ಲಿ ನಮ್ಮ ಹಲ್ಲಿನ ಸದ್ದು ಕೇಳುತ್ತಿತ್ತು.

ಆ ವಾರವೇ ಠಾಣೆಯ ಬಾಗಿಲಿಗೆ ಆದೇಶ ಅಂಟಿಸಿದರು. ಇನ್ನು ಮುಂದೆ ಇತಾಕುವಾದಲ್ಲಿ ಅನುಮತಿ ಪಡೆಯದೆ ಗುಂಪಾಗಿ ನಡುಗುವುದು ಅಪರಾಧ.

ನಾವು ಕಾನೂನಿಗೆ ತಲೆಬಾಗುವ ಜನ. ಅರ್ಜಿ ಹಾಕಿದ್ದೇವೆ. ಇಟ್ಟಿಗೆ ಗೂಡಿನವರೆಲ್ಲ ಹೆಬ್ಬೆಟ್ಟು ಒತ್ತಿದ್ದಾರೆ. ಮೊದಲನೆಯದು ನನ್ನದು, ಬಲಗೈಯದು. ಅದನ್ನು ಗಾಣ ತಿಂದಿಲ್ಲ.